ಸಾವಿತ್ರಿಯ ಸ್ಟೀಲ್ ಹಲ್ಲು

೧೯೬೩ರಲ್ಲಿ ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ದಂತವೈದ್ಯನಾಗಿದ್ದೆ. ಹಾಲುಹಲ್ಲಿಗೆ ಕ್ರೌನ್ ಹಾಕುತ್ತೇನೆಂದರೆ ಜನ ನನ್ನ ತಲೆಯ ಬಗ್ಗೆಯೇ ಅನುಮಾನಪಡುತ್ತಿದ್ದರು. ಕ್ರೌನ್ ಎಂದರೆ ಹುಳುಕು ತೆಗೆದ ಹಲ್ಲಿನ ಮೇಲೆ ಟೋಪಿಯಂತೆ ಕೂರಿಸುವ ತೆಳುವಾದ ಸ್ಟೀಲ್ ಕವಚ. ಉದುರುವ ಹಲ್ಲಿಗೆ ಇದೆಲ್ಲ ಯಾಕೆ ಎಂದವರ ಮೇಲೆ ರೇಗುತ್ತಿದ್ದೆ. ದವಡೆಯ ಹಾಲುಹಲ್ಲು ಹತ್ತು ವರ್ಷದವರೆಗಾದರೂ ಇರಬೇಕು, ಅಲ್ಲಿಯವರೆಗೆ ಮಗು ಯಾವುದರಿಂದ ಅಗಿಯಬೇಕು?

ಕೋರಮಂಡಲ್ ಚಿನ್ನದ ಗಣಿಯ ಕೆಲಸಗಾರ ಮುನಿಯಪ್ಪ ಮತ್ತು ಅವನ ಹೆಂಡತಿ ನಾಗಮ್ಮ ಐದು ವರ್ಷದ ಸಾವಿತ್ರಿಯನ್ನು ಕರೆತಂದರು. ಹಲ್ಲುನೋವಿಗೆ ಊಟ ಬಿಟ್ಟು ಮಗು ಸೊರಗಿತ್ತು. ಮದ್ರಾಸಿನಿಂದ ತರಿಸಿದ್ದ ಕ್ರೌನ್ ತೋರಿಸಿದೆ. ಗಣಿಯ ಗೇಟಿನಲ್ಲಿ ದಿನವೂ ಗಂಡನ ಮೈ ತಡಕುವುದು ನಾಗಮ್ಮನ ತಲೆಯಲ್ಲಿತ್ತು.

"ಒಳೀತದಲ್ಲ ಸಾಮಿ, ಗಣಿ ಚಿನ್ನ ಅಂದ್ಕೊಂಡ್ರೆ?"

"ಚಿನ್ನ ಹಳದಿ, ಇದು ಬಿಳಿ. ಗೊತ್ತಾಗದವನನ್ನು ನನ್ನ ಹತ್ತಿರ ಕಳಿಸು."

"ಮತ್ತೆ ತೆಗ್ಯೋದು ಯಾವಾಗ?"

"ತೆಗೆಯೋದೇ ಬೇಡ. ಹತ್ತು ವರ್ಷ ತುಂಬಿದ ಮೇಲೆ ಹಲ್ಲಿನ ಜೊತೆ ತಾನೇ ಉದುರುತ್ತೆ."

ಕ್ರೌನ್ ಹಾಕಿದ ತಿಂಗಳೊಳಗೆ ಸಾವಿತ್ರಿ ಹುರಿಗಡಲೆ ಅಗಿಯುತ್ತ ಬಂದು ಬಾಯಿ ಕಳೆದು ತೋರಿಸಿದಳು. ಕೆನ್ನೆ ತುಂಬಿಕೊಂಡಿತ್ತು. ನನಗೆ ಹೆಮ್ಮೆಯಾಯಿತು.

ಆ ವರ್ಷದ ಚಳಿಗಾಲದಲ್ಲಿ ಕಾರ್ಮಿಕರ ಲೈನು ಮನೆಗಳಿಗೆ ಮಕ್ಕಳ ಉಸಿರು ಕಟ್ಟಿಸುವ ಗಂಟಲುಮಾರಿ ಬಂತು. ಒಂದು ಬೆಳಿಗ್ಗೆ ಮುನಿಯಪ್ಪ ಬಾಗಿಲಲ್ಲಿ ನಿಂತಿದ್ದ.

"ಮಗು ಓಯ್ತು ಸಾಮಿ. ಬಂಗಾರಪೇಟೆ ತಾವ ನಮ್ಮೂರ್ನಾಗೆ ಮಣ್ಣು ಮಾಡ್ಬೇಕು. ಮೈಮೇಲೆ ಲೋಹ ಇದ್ರೆ ಮಣ್ಣಿಗಿಡಂಗಿಲ್ಲ ಅಂತಾರೆ ದೊಡ್ಡೋರು. ಕಾಲ್ಗೆಜ್ಜೆ ತೆಗುದ್ವಿ. ಅಲ್ಲಿನ ಸ್ಟೀಲ್ ಟೋಪಿ ಬರ್ತಿಲ್ಲ. ಇಕ್ಕಳ ತರ್ತೀವಿ ಅಂತಾವ್ರೆ."

ಯಾವ ಶಾಸ್ತ್ರವಯ್ಯಾ ಇದು ಎಂದು ಸಿಟ್ಟು ನಾಲಿಗೆ ತುದಿಗೆ ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಚೀಲ ಹಿಡಿದು ಹೊರಟೆ.

ತಡಿಕೆ ಗೋಡೆಯ ಮನೆಯಲ್ಲಿ ನಾಗಮ್ಮ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಇಕ್ಕಳ ಹಿಡಿದವನನ್ನು ಹತ್ತಿರ ಬಿಟ್ಟಿರಲಿಲ್ಲ. ನನ್ನನ್ನು ಕಂಡು ಮಗುವಿನ ಮುಖದ ಮೇಲಿದ್ದ ಸೆರಗು ಸರಿಸಿದಳು.

"ನೀವೇ ಆಕಿದ್ದು, ನೀವೇ ತೆಗೀರಿ. ನೋವಾಗ್ದಂಗೆ ತೆಗೀರಿ ಸಾಮಿ."

ದವಡೆ ಬಿಗಿಯತೊಡಗಿತ್ತು. "ಆ ಅನ್ನು ಪುಟ್ಟಿ" ಎಂದು ಅಭ್ಯಾಸದಿಂದ ಬಾಯಿಗೆ ಬಂದೇಬಿಟ್ಟಿತು; ನಾಗಮ್ಮನೇ ಗಲ್ಲ ಹಿಡಿದು ಬಾಯಿ ತೆರೆದಳು. ಕ್ರೌನಿನ ಅಂಚನ್ನು ನಾನೇ ಒಸಡಿನವರೆಗೆ ಬಿಗಿದು ಸಿಮೆಂಟ್ ಹಾಕಿದ್ದೆ. ಅಷ್ಟು ಚೆನ್ನಾಗಿ ಕೂರಿಸಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ. ಒಸಡಿಗೆ ಗೀರು ಬೀಳದಂತೆ, ಬದುಕಿರುವ ಮಗುವಿಗೆ ಮಾಡುವಂತೆಯೇ ನಿಧಾನವಾಗಿ ಬಿಡಿಸಿದೆ. ಕೆಳಗೆ ಹಲ್ಲು ಗಟ್ಟಿಯಾಗಿಯೇ ಇತ್ತು.

ನಾಗಮ್ಮ ಕ್ರೌನನ್ನು ಅಂಗೈಯಲ್ಲಿಟ್ಟು ನೋಡಿದಳು.

"ಅತ್ತು ವರ್ಷಕ್ಕೆ ತಾನೇ ಉದುರ್ತದೆ ಅಂದಿದ್ರಿ" ಎಂದಳು. ದೂರಿನ ದನಿಯಲ್ಲ.

ಆಮೇಲೆ ನಿವೃತ್ತಿಯವರೆಗೂ ಮಕ್ಕಳಿಗೆ ಕ್ರೌನ್ ಹಾಕಿದೆ. ಎಷ್ಟು ವರ್ಷ ಇರುತ್ತದೆ ಎಂದು ತಾಯಂದಿರು ಕೇಳಿಯೇ ಕೇಳುತ್ತಿದ್ದರು. ಮಗು ಇವತ್ತು ರಾತ್ರಿ ನೋವಿಲ್ಲದೆ ಊಟ ಮಾಡುತ್ತೆ ಎಂದಷ್ಟೇ ಹೇಳುತ್ತಿದ್ದೆ. ನನ್ನ ಕೈಯಲ್ಲಿದ್ದದ್ದು ಅಷ್ಟೇ ಎಂದು ಆ ಮನೆಯಲ್ಲಿ ಕಲಿತೆ.