ರಾಜನ ಪಾರ್ಟು ಬೇಕಂದ ವೈನಿ

ನಮ್ಮ ಬಾಜೂಮನಿ ವೈನಿಯ ಹುಬ್ಬಿನ ಮ್ಯಾಲ ಯಾವಾಗ್ಲೂ ಹತ್ತಿ ಧೂಳು ಕುಂತಿರತಿತ್ತು. ನಮ್ಮೂರು ಕೊರೋಚಿಯ ಮಗ್ಗದ ಶೆಡ್ಡಿನಾಗ, ಲಾಳಿಯೊಳಗ ಹಾಕೂ ಕಾಂಡಿಗೆ ನೂಲು ಸುತ್ತಾಕಿ. ಆ ಖಟಖಟದಾಗ ಮಾತಾಡಿ ಮಾತಾಡಿ ಆಕಿ ದನಿ ಹೆಂಗಾಗಿತ್ತಂದ್ರ, ಮನ್ಯಾಗ "ಉಪ್ಪು ಕೊಡ" ಅಂದ್ರ ಓಣಿ ತುದಿಯಿಂದ ಯಾರರೆ ಉಪ್ಪು ತರತಿದ್ರು.

ನಮ್ಮೋರದೊಂದು ದೊಡ್ಡಾಟದ ಮ್ಯಾಳ ಇತ್ತು. ಅದರಾಗ ರಾಣಿ ಪಾರ್ಟೂ ಗಂಡಸರದ. ಹೆಂಗಸರು ಗೆಜ್ಜಿ ಕಟ್ಟಬಾರದು, ಸ್ಟೇಜ್ ಹತ್ತಬಾರದು. ಖರೆ ಆ ಗಂಡಸರಿಗೆ ನಿರಿಗಿ ಹಿಡಿಯೂದು, ಸೆರಗು ಹೊರೂದು, ಸಿಟ್ಟಾದ ಹೆಣ್ಣು ಹೆಂಗ ತಿರುಗಿ ನೋಡತಾಳ ಅನ್ನೂದು ಕಲಿಸಿದಾಕಿ ಯಾರು? ಈ ವೈನಿನ. ತನ್ನ ಪಡಸಾಲ್ಯಾಗ ನಿಲ್ಲಿಸಿ, "ಏ ಅಪ್ಪಾ, ರಾಣಿ ನಡಿಯಾಕತ್ತಾಳೋ, ಎಮ್ಮಿ ಹೊಂಟೇತೋ?" ಅಂತ ಬೈದು ಬೈದು ಕಲಿಸಾಕಿ. ಆಟದ ದಿನ ಶಾಲು, ಕಾಯಿ ಎಲ್ಲಾ ಅವರಿಗೆ. ಈಕಿ ಹೆಂಗಸರ ಸಾಲಿನಾಗ ಕುಂತು, ಅವರು ಮರತ ಮಾತು ಕೆಳಗಿಂದ ಎತ್ತಿಕೊಡಬೇಕು.

ಒಂದ ವರ್ಷ ರಾಣಿ ಪಾರ್ಟಿನವನ ಕಾಲು ಮುರೀತು. ತಾವೂ ಒಂದ ಕಾಲಕ್ಕ ವೈನಿ ಕಡೆ ರಾಣಿ ಪಾರ್ಟು ಕಲ್ತಿದ್ದ ಮ್ಯಾಳದ ಮಾಸ್ತರ ಬಂದ್ರು. ನಾ ಅಲ್ಲೇ ಶೇಂಗಾ ಸುಲೀತಿದ್ದೆ.

"ವೈನೀ, ನೀವ ಮಾಡ್ರಿ. ಹೆಸರು ಮಾತ್ರ ಅವಂದ ಹೇಳತೇವಿ. ಮಂದಿಗೆ ಗೊತ್ತಾಗೂದಿಲ್ಲ."

"ರಾಣಿ ಕಲಿಸಿ ಕಲಿಸಿ ಬ್ಯಾಸರಾಗೇತ್ರಿ ಮಾಸ್ತರ. ಮಾಡಿದ್ರ ರಾಜಂದು, ನನ್ನ ಹೆಸರಲೇ."

"ಶಿವಾ ಶಿವಾ! ಮಂದಿಗೆ ಗೊತ್ತಾಗೂಹಂಗ ಹೆಂಗಸಿಗೆ ನಾ ಗೆಜ್ಜಿ ಕಟ್ಟಲೇನು?"

ಮಾಸ್ತರ ಕೈಲೇ ಗೆಜ್ಜಿ ಕಟ್ಟಿಸ್ಕೋಳಿಲ್ಲಂದ್ರ ಅದು ಆಟನ ಅಲ್ಲ ಅಂತಿದ್ರು ನಮ್ಮಲ್ಲಿ.

"ನೀವು ಚಾ ಕುಡದ ಹೋಗ್ರಿ" ಅಂದ್ಲು ವೈನಿ.

ಮಾಸ್ತರ ಹ್ವಾದಮ್ಯಾಲ ವೈನಿ ತನ್ನ ಮ್ಯಾಳ ತಾನ ಕಟ್ಟಿದ್ಲು. ಮಗ್ಗದ ಸುಟ್ಟಿ ದಿನ, ಶೆಡ್ಡಿನ ಮುಂದ, ಕಾಂಡಿ ಸುತ್ತೋ ಏಳು ಮಂದಿ ಹೆಂಗಸರ ಆಟ. ವೈನಿ ರಾಜ. ಆಕಿಗೆ ಗೆಜ್ಜಿ ಕಟ್ಟಿದಾಕಿ ನಾನ. ರೂಢಿ ಇಲ್ದ ಗಂಟು ಸಡ್ಲಾತು, ಕುಣಿಯೂ ಮುಂದ ಒಂದ ಕಾಲಿನ ಗೆಜ್ಜಿ ಬಿಚ್ಚಿ ಬಿತ್ತು. ಮಂದಿ ಹಿಂದ ನಿಂತು ನೋಡತಿದ್ದ ಮಾಸ್ತರ ಒದರಿದ್ರು, "ನೋಡಿದ್ರ್ಯಾ? ದೇವರಿಗೇ ಬ್ಯಾಡಾಗೇತಿ! ತಗಿ ಆ ಮೀಸಿ!"

ವೈನಿ ಕತ್ತಿ ಇಳಿಸಲಿಲ್ಲ. "ಮೂವತ್ತ ವರ್ಷ ನೀವು ಗಂಡಸರು ಸೀರಿ ಉಟ್ಟೀರಿ. ನಾ ಒಮ್ಮೆರೆ ತಗೀರಿ ಅಂದೇನೇನು? ದೇವರಿಗೇನೂ ಆಗಿಲ್ಲ, ಈಕಿ ಕಟ್ಟಿದ ಗಂಟು ಸಡ್ಲೈತಿ. ಏ, ಬಾ, ಗಟ್ಟಿ ಕಟ್ಟ!"

ಎಲ್ಲಾರ ಮುಂದ ಹೋಗಿ ಕಟ್ಟಿದೆ. ಆಟ ಮುಗಿಯೂಮಟ ಬಿಚ್ಚಲಿಲ್ಲ.

ಹ್ವಾದ ವರ್ಷ ನನ್ನ ಮೊಮ್ಮಗಳು ಮೊಬೈಲಿನಾಗ ಜಪಾನದ ಹಳೇ ನಾಟಕ ತೋರಿಸಿದ್ಲು. ಅಲ್ಲೂ ರಾಣಿ ಪಾರ್ಟು ಗಂಡಸರದ ಅಂತ, ಹೆಂಗಸರನ್ನ ಯಾವ ಕಾಲಕ್ಕೋ ಹೊರಗ ಹಾಕ್ಯಾರಂತ. ಹಾಸಿಗಿ ಹಿಡಿದಿದ್ದ ವೈನಿ, "ಅಯ್ಯ, ಮಾಸ್ತರನ ಅಣ್ತಮ್ಮಗೋಳು ಅಲ್ಲೂ ಅದಾರಲ್ಲ!" ಅಂತ ನಕ್ಕು ಕೆಮ್ಮಿದ್ಲು. ಆಮ್ಯಾಲ ಅಂದ್ಲು, "ಆ ಜಪಾನದ ಹುಡಿಗ್ಯಾರಿಗೆ ಯಾರರೆ ಹೇಳ್ರಿ, ಗೆಜ್ಜಿ ಒಬ್ಬರಿಗೊಬ್ಬರು ಕಟ್ಟಿಕೊಳ್ಳಲಿ."

ಎರಡ ತಿಂಗಳಿಗೆ ಹ್ವಾದ್ಲು. ಆಕಿ ತಿಥಿ ದಿನಕ್ಕ ಎಲ್ಲಾರೂ ಕೂಡಿದಾಗ ಮಾಸ್ತರ ಎದ್ದು, "ನಮ್ಮ ಮ್ಯಾಳಕ್ಕ ಭಾಳ ಮದತ್ ಮಾಡಿದ್ಲು" ಅಂದ್ರು. ಮಂದಿ ಮುಂದ ಎಂದೂ ಬಾಯಿ ತಗೀದಾಕಿ ನಾನು, ಎದ್ದು ನಿಂತೆ. "ಮದತ್ ಅಲ್ರಿ. ಗುರು ಆಗಿದ್ಲು, ನಿಮಗೂ." ಕಾಲು ಮುರಕೊಂಡಿದ್ದ ಆ ರಾಣಿ, ಈಗ ಬೋಳುತಲಿ ಮುದುಕ, "ಹೌದ್ರಿ, ಖರೆ ಐತಿ" ಅಂದ. ಮಾಸ್ತರ ಕುಂತ್ರು.

ನಮ್ಮ ಹೆಂಗಸರ ಆಟದಾಗ ರಾಜನ ಪಾರ್ಟು ಈಗ ನಂದು. ಬರೂ ಸುಟ್ಟಿಗೆ ಆಟ ಐತಿ, ಬರ್ರಿ. ಗಂಡಸರಿಗೂ ಜಾಗಾ ಇಟ್ಟೇವಿ, ಹಿಂದ.