ಬೆರಳಿಗೆ ಗೊತ್ತಿದ್ದ ನಂಬರು

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡಮ್ಮ ಪರದೇಶದ ಒಂದು ಹುಲ್ಲುಬಯಲಿನಲ್ಲಿ, ತಗಡಿನ ಟಿಕೆಟ್ ಗೂಡಿನ ಮುಂದೆ ನಿಂತು, ಕಾರ್ಡ್ ಯಂತ್ರದ ಗುಂಡಿಗಳನ್ನು ಎರಡನೆಯ ಸಲ ಒತ್ತುತ್ತಿದ್ದರು. ಯಂತ್ರ ಎರಡನೆಯ ಸಲವೂ ತಪ್ಪು ಎಂದಿತು. ಸಾಲಿನಲ್ಲಿ ಹಿಂದಿದ್ದವರು ಕೆಮ್ಮಿದರು. ಬಯಲಿನ ನಡುವೆ ಬಿಸಿಗಾಳಿಯ ಬಲೂನು, ಊಟ ಮಾಡಿ ಮಲಗಿದ ಮಾವನ ಹೊಟ್ಟೆಯಂತೆ, ಒಂದು ಮಗ್ಗುಲಾಗಿ ಉಬ್ಬುತ್ತಿತ್ತು.

ದೊಡ್ಡಮ್ಮ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದವರು. ನೆಲಮಾಳಿಗೆಯ ಕೋಣೆ, ಕಿಟಕಿಯಿಲ್ಲ. ಗುಂಡಿಗಳ ಫಲಕ, ಕಿರುಗುಡುವ ಕುರ್ಚಿ, ಗೋಡೆಯ ಕ್ಯಾಲೆಂಡರಿನಲ್ಲಿ ಒಂದಿಷ್ಟು ನೀಲಿ ಆಕಾಶ. ಕರೆ ಮಾಡಿದವರು ‘ಎಕ್ಸ್‌ರೇ’ ಎಂದೋ ‘ಔಷಧಿ ಅಂಗಡಿ’ ಎಂದೋ ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು ಒಳನಂಬರು ಒತ್ತಿ ಮುಗಿಸಿರುತ್ತಿತ್ತು. ಕಣ್ಣು ಮಾತ್ರ ಮಡಿಲಿನ ಹೆಣಿಗೆಯ ಮೇಲೆ. ಹೊರಗೆ ಬಿಸಿಲೋ ಮಳೆಯೋ ಎಂಬುದನ್ನೂ ಕರೆ ಮಾಡಿದವರನ್ನೇ ಕೇಳಿ ತಿಳಿಯಬೇಕಿತ್ತು.

ನಿವೃತ್ತಿಯ ಹಣ ಬಂದಾಗ ಎಲ್ಲರೂ ಬಳೆ ಮಾಡಿಸಿಕೋ ಎಂದರು. ಇಷ್ಟು ವರ್ಷ ನೆಲದ ಕೆಳಗಿದ್ದೆ, ಒಂದು ಸಲ ಮೇಲೆ ಹೋಗಿ ಬರ್ತೀನಿ ಎಂದರು ದೊಡ್ಡಮ್ಮ. ಮೇಲೆ ಹೋದವರು ವಾಪಸು ಬಂದದ್ದನ್ನು ತಾನಂತೂ ಕಂಡಿಲ್ಲ ಎಂದರು ದೊಡ್ಡಪ್ಪ.

ಜೊತೆಗೆ ಹೊರಟವರು ನಾದಿನಿ, ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಬರೆಯುವವರು. ಹೊರಡುವ ಮುಂಚೆ ಬ್ಯಾಂಕಿಗೆ ಹೇಳಬೇಕು ಎಂಬುದು ಅವರಿಗೆ ತೋಚಿರಲಿಲ್ಲ. ಮೊದಲ ದಿನ ಒಂದು ಟೋಪಿ ಕೊಂಡದ್ದೇ ತಡ, ಕಾರ್ಡು ಕಳ್ಳರ ಪಾಲಾಗಿದೆ ಎಂದುಕೊಂಡು ಬ್ಯಾಂಕು ಅದನ್ನು ತಡೆದುಬಿಟ್ಟಿತು. ದೊಡ್ಡಮ್ಮ ಮಾತ್ರ ಹಿಂದಿನ ವಾರವೇ ಫೋನ್ ಮಾಡಿ, ಕಾಯಿಸುವ ಸಂಗೀತವನ್ನು ತಲೆದೂಗುತ್ತ ಕೇಳಿ, ಆ ಕಡೆಯ ಹುಡುಗಿಯಿಂದ ಒಂದು ಉಪದೇಶವನ್ನೂ ಪಡೆದಿದ್ದರು: ನಮ್ಮ ದುಡ್ಡಲ್ಲೋ ಅವರ ದುಡ್ಡಲ್ಲೋ ಎಂದು ಯಂತ್ರ ಕೇಳಿದರೆ ಅವರದ್ದೇ ಒತ್ತಿ, ಇಲ್ಲದಿದ್ದರೆ ನಡುವಿನವರು ತಮ್ಮ ಪಾಲು ಸೇರಿಸಿಕೊಳ್ಳುತ್ತಾರೆ. ಹೀಗೆ ಇಬ್ಬರ ಕಾಫಿ, ಬಸ್ಸು, ಎಲ್ಲವೂ ದೊಡ್ಡಮ್ಮನ ಕಾರ್ಡಿನಲ್ಲೇ ನಡೆಯಿತು. ಸಣ್ಣ ಮೊತ್ತ, ಯಂತ್ರಕ್ಕೆ ಮುಟ್ಟಿಸಿದರೆ ಸಾಕಿತ್ತು.

ಬಲೂನಿನದು ದೊಡ್ಡ ಮೊತ್ತ. ಯಂತ್ರ ಗುಟ್ಟಿನ ನಂಬರು ಕೇಳಿತು. ಮೂರನೆಯ ಸಲ ತಪ್ಪಿದರೆ ಈ ಕಾರ್ಡೂ ಸತ್ತಂತೆ. ನಗದು ಅಲ್ಲಿ ನಡೆಯದು. ಬಿಸಿಲೇರಿ ನೆಲ ಕಾದರೆ ಗಾಳಿ ಏಳುತ್ತದೆ, ಬಲೂನು ಏಳುವುದಿಲ್ಲ. ಇವರಿಬ್ಬರಿಗೆ ಮಧ್ಯಾಹ್ನವೇ ಊರಿಗೆ ವಿಮಾನ.

ನಂಬರು ಎಷ್ಟು ಎಂದು ನಾದಿನಿ ಕಿವಿಯಲ್ಲಿ ಕೇಳಿದರು.

“ನನಗೆಲ್ಲಿ ಗೊತ್ತು? ಬೆರಳಿಗೆ ಗೊತ್ತು.”

“ಹಾಗಾದ್ರೆ ಬೆರಳನ್ನ ಬಲೂನ್ ಹತ್ತಿಸಿ, ನಾವಿಬ್ಬರೂ ಕೆಳಗಿಂದ ಟಾಟಾ ಮಾಡೋಣ.”

ಹೆರಿಗೆ ವಾರ್ಡಿನ ಒಳನಂಬರನ್ನೇ ಇಟ್ಟಿದ್ದೆ, ಒಳ್ಳೆ ಸುದ್ದಿ ಬರುತ್ತಿದ್ದದ್ದು ಅಲ್ಲಿಂದಲೇ ತಾನೇ, ಎಂದರು ದೊಡ್ಡಮ್ಮ. ಅದು ಎಷ್ಟು ಎಂದು ಮಾತ್ರ ಯಾರೂ ಯಾವತ್ತೂ ಕೇಳಿರಲಿಲ್ಲ. ಅಷ್ಟಕ್ಕೆ ಇಬ್ಬರಿಗೂ ನಗು ಹತ್ತಿತು. ಅದಕ್ಕೆ ಬ್ರೇಕಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಏನೂ ಅರ್ಥವಾಗದೆ ಟಿಕೆಟಿನವಳೂ ನಗತೊಡಗಿದಳು.

ಹೊಟ್ಟೆ ಹಿಡಿದುಕೊಂಡು ಬಾಗಿದ ನಾದಿನಿಯ ಮೂಗಿಗೆ ಯಂತ್ರ ನೇರವಾಗಿ ಬಂತು. ಅವರ ನಗು ನಿಂತಿತು.

“ಅತ್ತಿಗೆ, ಇದು ನಮ್ಮ ಅಂಗಡಿ ಕ್ಯಾಲ್ಕುಲೇಟರ್ ಥರ ಇದೆ ಕಣ್ರೀ. ಏಳು ಎಂಟು ಒಂಬತ್ತು ಮೇಲಿದೆ. ನಿಮ್ಮ ಫೋನಲ್ಲಿ ಮೇಲಿರೋದು ಒಂದು ಎರಡು ಮೂರು.”

ಬೆರಳು ಎರಡು ಸಲವೂ ಸರಿಯಾದ ಮನೆಗೇ ಹೋಗಿತ್ತು. ಬೀದಿಯನ್ನೇ ಯಾರೋ ತಲೆಕೆಳಗು ಮಾಡಿಟ್ಟಿದ್ದರು.

ದೊಡ್ಡಮ್ಮ ಮೊಬೈಲು ತೆಗೆದು ಕಣ್ಣು ಮುಚ್ಚಿದರು. ಹೆರಿಗೆ ವಾರ್ಡಾ, ಇರಿ ಕೊಡ್ತೀನಿ, ಎಂದು ಗೊಣಗುತ್ತ ಒತ್ತಿದರು. ಕಣ್ಣು ಬಿಟ್ಟಾಗ ಪರದೆಯ ಮೇಲೆ ನಂಬರು ಕೂತಿತ್ತು. ನನ್ನ ಬೆರಳನ್ನು ಈ ಯಂತ್ರದ ಮೇಲೆ ನಂಬಲಾರೆ, ನೀನೇ ಒತ್ತು, ನಾನು ಓದುತ್ತೇನೆ ಎಂದರು. ಸರಿಯಾಗಿ ಆಗಲೇ ಬಲೂನಿನವನು ಬರ್ನರ್ ತಿರುಗಿಸಿದ. ಬೆಂಕಿ ಭೋರ್ಗರೆಯಿತು. ಕೇಳಿಸ್ತಿಲ್ಲ ಎಂದು ನಾದಿನಿ ಕೈ ಆಡಿಸಿದರು. ಎಂಥ ಗದ್ದಲದ ಲೈನನ್ನೂ ಸೀಳಿಕೊಂಡು ಹೋಗುತ್ತಿದ್ದ ಹಳೆಯ ದನಿಯನ್ನು ದೊಡ್ಡಮ್ಮ ಹೊರತೆಗೆದರು. ಅವರು ಬಾಯಿ ತೆರೆಯುವುದಕ್ಕೂ ಬರ್ನರ್ ನಿಲ್ಲುವುದಕ್ಕೂ ಸರಿಹೋಯಿತು.

ಗುಟ್ಟು ಇಡೀ ಬಯಲಿಗೆ ಕೇಳಿಸಿತು. ಭಾಷೆ ಯಾರಿಗೂ ತಿಳಿಯದು. ಆದರೂ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಯಂತ್ರ ಚೀಟಿ ಹೊರಹಾಕಿತು.

ಬುಟ್ಟಿ ನೆಲ ಬಿಟ್ಟಾಗ ಲಿಫ್ಟಿನಲ್ಲಿ ಆಗುವ ಹಾಗೆ ಕಾಲ ಕೆಳಗೆ ಏನೂ ಅಲುಗಲಿಲ್ಲವಂತೆ. ಭೂಮಿಯೇ ಮೆಲ್ಲಗೆ ಕೆಳಗಿಳಿದಂತೆ ಇತ್ತಂತೆ. ಇಳಿದ ಕೂಡಲೇ ದೊಡ್ಡಪ್ಪನಿಗೆ ಫೋನ್ ಮಾಡಿ, ಮೇಲೆ ಹೋಗಿ ಬಂದೆ ಎಂದರು.

ಊರಿಗೆ ಮರಳಿದ ದಿನವೇ ನಂಬರು ಬದಲಾಯಿಸಿದ್ದಾರೆ. ಆದ್ದರಿಂದ ಆ ಹುಲ್ಲುಬಯಲಿನಲ್ಲಿ ಎದೆ ತುಂಬ ಉಸಿರೆಳೆದು ಅವರು ಕೂಗಿದ್ದನ್ನು ಬರೆಯಲು ನನಗೆ ಅಪ್ಪಣೆ ಸಿಕ್ಕಿದೆ:

“ಎರಡು, ಒಂಬತ್ತು, ನಾಲ್ಕು, ಒಂದು.”