ಬೆನ್ನಿನ ಪರೀಕ್ಷೆಗೆ ತಯಾರಿ

ಸೊಂಟನೋವಿನ ತಪಾಸಣೆಗೆ ಹೋಗುವ ಮೊದಲು ನಾನು ಮೂರು ದಿನ ಮನೆಯಲ್ಲಿ ಅಭ್ಯಾಸ ಮಾಡಿದೆ. ಹೇಳಿಕೊಳ್ಳಲು ನಾಚಿಕೆ. ಆದರೆ ಮುಂದೆ ಬಗ್ಗಿಸುತ್ತಾರೆ, ಹಿಂದೆ ಬಾಗಿಸುತ್ತಾರೆ, ಒಂಟಿ ಕಾಲಿನ ಮೇಲೆ ನಿಲ್ಲಿಸುತ್ತಾರೆ ಎಂದು ಮೊದಲೇ ತಿಳಿದ ಮೇಲೆ, ಹಿರೇಕೆರೂರಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದವನು ತಯಾರಿಯಿಲ್ಲದೆ ಹೋಗುವುದು ಹೇಗೆ?

ನೋವಿಗಿಂತ ಹೆಚ್ಚು ಕಾಡಿದ್ದು ಪೂಜೆಯ ಚಿಂತೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಮಣೆಯ ಮೇಲೆ ಕುಳಿತು ಅಂಗೈಯಲ್ಲಿ ಲಿಂಗ ಹಿಡಿಯುವುದು. ಎರಡು ತಿಂಗಳಿಂದ ಹತ್ತೇ ನಿಮಿಷಕ್ಕೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಮನೆಯಾಕೆ ಗಂಗವ್ವ ಕುರ್ಚಿ ತಂದಿಟ್ಟಳು. ಅದರ ಮೇಲೆ ಕುಳಿತರೆ ಕ್ಷೌರಕ್ಕೆ ಕುಳಿತಂತಾಯಿತು. ನೆಲ ತಪ್ಪಿದರೆ ಪೂಜೆಯೇ ತಪ್ಪಿತೆಂದು ಒಳಗೊಳಗೇ ಹೆದರಿದೆ.

ನೋವಿಗೆ ಹೆಸರಿಡುವವರಿಗೆ ನಮ್ಮ ಶಿಗ್ಗಾವಿಯಲ್ಲಿ ಬರವಿಲ್ಲ. ಗಂಗವ್ವನಿಗೆ ಅದು ವಾಯು, ಪಕ್ಕದ ಮನೆಯವರಿಗೆ ನರ, ಹುಲಗೂರಿನ ಬೀಗರಿಗೆ ವಯಸ್ಸು. ಹಿಂದಿನ ಕವಿಗಳು ನಡುವನ್ನು ಹೆಂಗಸರಿಗಷ್ಟೇ ಕೊಟ್ಟು, ಅದೂ ಇದೆಯೋ ಇಲ್ಲವೋ ಎಂದು ಸಂಶಯಪಟ್ಟರು. ಡ್ರಿಲ್ ಮಾಸ್ತರನಿಗೂ ನಡು ಉಂಟೆಂಬುದು ನೋವು ಬಂದಾಗಲೇ ತಿಳಿಯಬೇಕು.

ಸವಣೂರಿನ ಫಿಜಿಯೋಥೆರಪಿಸ್ಟ್ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. "ಬಗ್ಗ್ರಿ ಸರ" ಎಂದಳು. ಒಂದು, ಎರಡು ಎಂದು ನಾನೇ ಎಣಿಸುತ್ತ ಬಗ್ಗಿದೆ. ಬೆರಳು ನೆಲ ಮುಟ್ಟಿದವು. ಹಿಂದಕ್ಕೂ ಬಾಗಿದೆ, ಹಲ್ಲು ಕಚ್ಚಿ.

"ನೋವಾತೇನ್ರಿ?"

"ಇಲ್ಲವ್ವಾ."

"ಹಂಗಾರ ಯಾಕ ಬಂದೀರಿ?"

ಪರೀಕ್ಷೆಯೆಂದರೆ ಪಾಸಾಗುವುದೆಂದೇ ನಾನು ತಿಳಿದಿದ್ದು.

"ಆತು, ಬೂಟ್ ಹಾಕ್ಕೊಳ್ರಿ" ಎಂದಳು. ಮುಗಿಯಿತೆಂದು ನಿರಾಳವಾಗಿ ಲೇಸು ಕಟ್ಟಿ ಎದ್ದೆ. ರೂಢಿಯಂತೆ ಎದೆ ಉಬ್ಬಿಸಿ ನಿಂತೆ. ಬಾಯಿಂದ "ಯವ್ವಾ" ಎಂದು ಹೊರಟಿತು.

"ಈಗ ಸಿಕ್ತ್ ನೋಡ್ರಿ. ಬಸ್ಸಿನ್ಯಾಗ ಬರೂಮುಂದ ಹೆಂಗಿತ್ತು?"

ಚೀಲಗಳ ನಡುವೆ ಮುದುಡಿ ಕುಳಿತು ಬಂದಿದ್ದೆ. ನೆನೆಸಿಕೊಂಡರೆ ನೋವೇ ಇರಲಿಲ್ಲ.

"ಬಗ್ಗಿದ್ರ ಆರಾಮ, ಸೆಟದ್ರ ನೋವು. ನಿಮ್ದು ಆ ನಮೂನಿ ಸರ. ಮಂದಿ ಗೂನು ಹಾಕಿ ಕುಂತು ಸೊಂಟ ಕೆಡಿಸ್ಕೋತಾರ, ನೀವು ನೆಟ್ಟಗ ನಿಂತು ಕೆಡಿಸ್ಕೊಂಡೀರಿ."

"ಪೂಜಿಗೆ ನೆಲದ ಮ್ಯಾಲೆ ಕುಂದ್ರಬಹುದೇನವಾ?"

"ಕುಂದರ್ರಿ. ಆದ್ರ ಬೆನ್ನ ಸಡ್ಲ ಬಿಡ್ರಿ. ಅಲ್ಲಿ ಯಾರೂ ನಿಮಗ ಮಾರ್ಕ್ಸ್ ಕೊಡಂಗಿಲ್ಲ."

ಮರಳಿ ಬರುವಾಗ ತಲೆ ಗೊಂದಲದ ಗೂಡಾಗಿತ್ತು. ಎಷ್ಟೋ ಮಕ್ಕಳಿಗೆ ಎದೆ ಮುಂದೆ, ಬೆನ್ನು ನೇರ ಎಂದು ಕೂಗಿದ್ದೇನೆ. ಗೂನು ಹಾಕಿದ್ದಕ್ಕೆ ನನ್ನಿಂದ ಬೈಸಿಕೊಂಡ ಒಬ್ಬ ಈಗ ಮಾಸೂರಿನಲ್ಲಿ ದಿನವಿಡೀ ಗದ್ದೆ ಕೆಲಸ ಮಾಡುತ್ತಾನೆ. ಅವನ ಸೊಂಟಕ್ಕೆ ಏನೂ ಆಗಿಲ್ಲ. ನಾನು ಕಲಿಸಿದ್ದು ತಪ್ಪೋ, ನನ್ನ ಬೆನ್ನಿಗೆ ಮಾತ್ರ ತಪ್ಪೋ? ಹುಡುಗಿಯನ್ನು ಕೇಳಬೇಕಿತ್ತು, ಧೈರ್ಯ ಬರಲಿಲ್ಲ.

ಮರುದಿನ ಆರಕ್ಕೆ ಮಣೆಯ ಮೇಲೆ ಕುಳಿತೆ. ಸಡಿಲ ಬಿಡುವುದು ಹೇಗೆಂದೇ ಗೊತ್ತಿಲ್ಲ. ವಿಶ್ರಾಮ ಎಂದು ಕೂಗಿದಾಗಲೂ ನಾನು ಎದೆ ಇಳಿಸಿದವನಲ್ಲ. ಕೊನೆಗೆ ಹೇಗೋ ಕುಸಿದೆ. ಗಂಗವ್ವ ಇಣುಕಿ, "ಯಾಕ್ರಿ, ಜ್ವರ ಬಂದಾವೇನು?" ಎಂದಳು.

ನಲವತ್ತು ನಿಮಿಷ ನೋವಿಲ್ಲದೆ ಕಳೆಯಿತು. ಅಷ್ಟು ಹೊತ್ತೂ ಸರಿಯಾಗಿ ಗೂನು ಹಾಕಿದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನಾನು ಪೂಜೆ ಮಾಡಿದ್ದೆಷ್ಟು, ಬರೀ ನೆಟ್ಟಗೆ ಕುಳಿತದ್ದೆಷ್ಟು ಎಂಬುದು ಮಾತ್ರ ಈಗ ತಿಳಿಯದಾಗಿದೆ.